ಮಾಳದ ಮೇಲೆ ಒಣಗಿಸಿದ ರೊಟ್ಟಿ

ರೊಟ್ಟಿ ಮೆತ್ತಗಾಗಿದ್ದನ್ನು ಮೊದಲು ಕಂಡವರು ಯಾರು ಎಂಬುದರ ಬಗ್ಗೆ ನಮ್ಮ ಮೂವರಲ್ಲಿ ಇನ್ನೂ ಒಮ್ಮತವಿಲ್ಲ. ನಾನೇ ಕಂಡೆ ಎಂದು ನನ್ನ ನೆನಪು. ಗಂಟು ಬಿಚ್ಚಿದ್ದು ತಾನು, ಹಾಗಾಗಿ ಕಂಡದ್ದೂ ತಾನೇ ಎಂದು ಅಣ್ಣನ ಮಗಳು ಹೇಳುತ್ತಾಳೆ. ಅಣ್ಣನನ್ನು ಕೇಳಿದರೆ, ಹಿಂದಿನ ರಾತ್ರಿಯೇ ಮುಟ್ಟಿ ನೋಡಿದ್ದೆ, ನಿಮಗೆ ಹೇಳಲಿಲ್ಲ ಅಷ್ಟೇ, ಎನ್ನುತ್ತಾನೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆ ದಿನದ ಪುಟದಲ್ಲಿ ‘ರೊಟ್ಟಿ ಮೆತ್ತಗಾಗಿವೆ, ಅಣ್ಣ ಮಾತಾಡುತ್ತಿಲ್ಲ’ ಎಂದಷ್ಟೇ ಇದೆ. ಬರೆಯುವ ಹೊತ್ತಿಗೆ ನನಗೆ ಮುಖ್ಯವೆನಿಸಿದ್ದು ಅಷ್ಟು. ಉಳಿದದ್ದನ್ನೆಲ್ಲ ಆಮೇಲೆ ಕೂಡಿಸಿಕೊಂಡಿದ್ದೇನೆ. ಕೂಡಿಸುವಾಗ ಎಷ್ಟು ಸೇರಿಸಿದ್ದೇನೋ ನನಗೇ ಖಾತ್ರಿಯಿಲ್ಲ. ಹಾಗಾಗಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಅಣ್ಣನ ಮನೆ ನಾಗಣಸೂರಿನಲ್ಲಿ. ಅಕ್ಕಲಕೋಟ ತಾಲೂಕಿನ ಗಡಿ ಹಳ್ಳಿ. ಕಪ್ಪು ಮಣ್ಣಿನ ಎರಿ ಹೊಲ, ತೊಗರಿ, ಉದ್ದು, ಹಿಂಗಾರಿಗೆ ಜೋಳ. ನಾನು ಸೊಲ್ಲಾಪುರದಲ್ಲಿ ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಣ್ಣನ ಮಗಳು ಪುಣೆಯಲ್ಲಿ ಕೂತು ಸರಕಾರಿ ಪರೀಕ್ಷೆಗಳಿಗೆ ಓದಿದಳು. ಅಲ್ಲಿ ಮೆಸ್ಸಿನ ಊಟದಿಂದ ಕಾಮಾಲೆಯಾಗಿ, ಕಣ್ಣು ಹಳದಿ ಮಾಡಿಕೊಂಡು ಮನೆಗೆ ಬಂದು ಮಲಗಿದಳು. ಒಂದು ವರ್ಷ ಹಾಗೆಯೇ ಹೋಯಿತು. ಮತ್ತೆ ಓದಿದಳು, ಮತ್ತೆ ಬರೆದಳು, ಕೊನೆಗೆ ಪಾಸಾದಳು. ಸಿಕ್ಕ ಕೆಲಸ ಮೀನುಗಾರಿಕೆ ಇಲಾಖೆಯಲ್ಲಿ ಕ್ಲಾರ್ಕು. ಊರು ಕೊಂಕಣದ ಕಡಲ ತಡಿಯಲ್ಲಿ. ಅವಳು ಈಗ ಅಲ್ಲಿಯೇ ಇರುವುದರಿಂದ ಊರಿನ ಹೆಸರು ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಸುದ್ದಿ ತಿಳಿದ ದಿನ ಓಣಿಯವರೆಲ್ಲ ನಕ್ಕರು. ಎದುರು ಮನೆಯ ಮುದುಕಿ ಅವಳನ್ನು ‘ಮೀನಿನ ಸಾಹೇಬ್ತಿ’ ಎಂದು ಕರೆಯತೊಡಗಿದಳು. ಹುಡುಗಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಆ ಕೆಲಸ ಬೇಕಿತ್ತು. ಓದಿದ ವರ್ಷಗಳಿಗೆ ಉತ್ತರ ಎಂಬಂತೆ ಸಿಕ್ಕದ್ದು ಅದೊಂದೇ. ಬಿಟ್ಟರೆ ಮತ್ತೆ ಪುಸ್ತಕದ ಮುಂದೆ ಕೂರುವ ಶಕ್ತಿ ತನಗಿಲ್ಲ ಎಂದು ನನ್ನೆದುರು ಒಮ್ಮೆ ಹೇಳಿದ್ದಳು.

ಅಡ್ಡಿಯಿದ್ದದ್ದು ವೈನಿಯದು. ಅಣ್ಣನ ಹೆಂಡತಿ. ಮೀನಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಹಪೀಸಿನೊಳಗೆ ಕಾಗದ ಇರುತ್ತವೆ, ಮೀನು ಇರುವುದಿಲ್ಲ ಎಂದು ತಾವೇ ಓಣಿಯವರಿಗೆ ಉತ್ತರ ಕೊಟ್ಟಿದ್ದರು. ಅವರ ಹೆದರಿಕೆ ಕಾಮಾಲೆಯದು. ಮಗಳು ಹೊರಗಿನ ಊಟ ಮಾಡಿದರೆ ಮತ್ತೆ ಮಲಗುತ್ತಾಳೆ, ಈ ಸಲ ಯಾರು ನೋಡಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೊಂದು ದಾರಿಯನ್ನೂ ಅವರೇ ಹುಡುಕಿದರು. ಮನೆಯ ಕಡಕ್ ರೊಟ್ಟಿ ಜೊತೆಗಿದ್ದರೆ ಅವಳು ಬದುಕಿಕೊಳ್ಳುತ್ತಾಳೆ. ಬೇಳೆ ಕುದಿಸಲು ಬರುತ್ತದೆ, ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿ ಕೊಟ್ಟರಾಯಿತು. ರೊಟ್ಟಿ ಬಡಿಯಲು ಅವಳಿಗೆ ಬರುತ್ತಿರಲಿಲ್ಲ. ಓದುವ ಹುಡುಗಿ ಎಂದು ಯಾರೂ ಅವಳನ್ನು ಒಲೆಯ ಮುಂದೆ ಕೂರಿಸಿರಲಿಲ್ಲ.

ಹೊರಡುವ ಮುಂಚೆ ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿದರು. ಮದುವೆ ಮನೆಗೆ ಬಡಿಯುವ ಹಾಗೆ, ಒಬ್ಬರು ಹಿಟ್ಟು ನಾದುವುದು, ಇಬ್ಬರು ಬಡಿಯುವುದು, ಒಬ್ಬರು ಹಂಚಿನ ಮುಂದೆ. ಬೇಯಿಸಿದ್ದನ್ನು ಒಲೆಯ ಸುತ್ತ ನಿಲ್ಲಿಸಿ ಕಡಕ್ ಮಾಡಿದರು. ಒಂದು ತಿಂಗಳಿಗಾಗುವಷ್ಟು. ನಾನು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದಿದ್ದೇನೆ, ಅದರಲ್ಲಿ ತುಂಬಿ ಎಂದೆ. ಅಣ್ಣ ಒಪ್ಪಲಿಲ್ಲ. ಡಬ್ಬಿಯಲ್ಲಿ ರೊಟ್ಟಿ ಬೆವರುತ್ತವೆ, ಗಾಳಿ ಆಡಬೇಕು ಎಂದ. ಅಣ್ಣ ಹೇಳಿದ್ದು ನಮ್ಮ ಕಡೆಗೆ ಸರಿಯೇ. ನಮ್ಮಲ್ಲಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಟ್ಟಿಯಲ್ಲಿ ಇಡುತ್ತಾರೆ, ಗಾಳಿ ಆಡಿದಷ್ಟೂ ಅವು ಗಟ್ಟಿಯಾಗುತ್ತವೆ. ಗಾಳಿ ಎಂದರೆ ಒಣ ಗಾಳಿ ಎಂದೇ ನಮಗೆ ಗೊತ್ತು. ಬೇರೆ ಥರದ ಗಾಳಿಯೂ ಇರುತ್ತದೆ ಎಂದು ನನಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಣ್ಣನ ತೊಳೆದ ಹಳೆ ಧೋತರವನ್ನು ಎರಡಾಗಿ ಹರಿದು ಎರಡು ಗಂಟು ಕಟ್ಟಿದೆವು.

ವೈನಿ ಬರುವಂತಿರಲಿಲ್ಲ, ಉದ್ದಿನ ರಾಶಿ ನಡೆದಿತ್ತು. ಕಾರಿನ ಹತ್ತಿರ ಬಂದು, ಗಂಡನಿಗೆ ಕೇಳುವ ಹಾಗೆ ನನಗೆ ಹೇಳಿದರು: "ರೊಟ್ಟಿ ಮುಗಿಯೂದ್ರಾಗ ಮತ್ತ ಕಳಸ್ತೀನಿ, ಅದರ ಚಿಂತಿ ಇಲ್ಲ. ಕೆಟ್ಟೂ ಅಂದ್ರ ಮಾತ್ರ ಆಕಿನ್ನ ಹೊಳ್ಳಿ ಕರಕೊಂಡ ಬರ್ರಿ. ರೊಟ್ಟಿ ನಿಲ್ಲಲಾರದ ಊರಾಗ ನನ್ನ ಮಗಳು ನಿಲ್ಲೂದು ಬ್ಯಾಡ."

ಅಣ್ಣ ಹ್ಞೂಂ ಅಂದನೋ ಸುಮ್ಮನಿದ್ದನೋ ನೆನಪಿಲ್ಲ. ಅಣ್ಣನ ಹ್ಞೂಂಗೂ ಸುಮ್ಮನಿರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕಾರು ನನ್ನದು, ಓಡಿಸಿದ್ದೂ ನಾನೇ. ಅಣ್ಣ ಟ್ರ್ಯಾಕ್ಟರ್ ಓಡಿಸುತ್ತಾನೆ, ಘಾಟಿನ ರಸ್ತೆ ಒಲ್ಲೆ ಎನ್ನುತ್ತಾನೆ. ಮಂಗಳವೇಢೆ ದಾಟಿ, ದೊಡ್ಡ ರಸ್ತೆ ಬಿಟ್ಟು ನಂದೇಶ್ವರಕ್ಕೆ ಹೋದೆವು. ಅಲ್ಲಿ ಅಣ್ಣನ ಬೀಗರ ಹೊಲ. ಬೇವಿನ ಕೆಳಗೆ ಕೂತು ಊಟಕ್ಕೆ ಗಂಟು ಬಿಚ್ಚಿದೆವು. ರೊಟ್ಟಿ ಆಗ ಹಪ್ಪಳದಂತೆ ಮುರಿದವು. ಬೀಗರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಈ ಹಲ್ಲು ಇರುವಾಗಲೇ ಬಂದಿರಿ, ಮುಂದಿನ ವರ್ಷವಾದರೆ ನೆನಸಿಕೊಡಬೇಕಿತ್ತು ಎಂದು ನಕ್ಕರು. ಇದು ಮಾತ್ರ ಮೂವರಿಗೂ ಒಂದೇ ಥರ ನೆನಪಿದೆ.

ಕೊಲ್ಲಾಪುರ ದಾಟಿದ ಮೇಲೆ ಹಸಿರು ಹೆಚ್ಚಾಯಿತು. ಅಂಬಾ ಘಾಟಿನ ತಲೆಗೆ ಬರುವಷ್ಟರಲ್ಲಿ ಮೋಡ ರಸ್ತೆಗೆ ಇಳಿದಿತ್ತು. ಗಣಪತಿ ಹಬ್ಬ ಮುಗಿದಿದ್ದರೂ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಿಟಕಿ ಇಳಿಸಿದರೆ ಮುಖ ಒದ್ದೆಯಾಗುತ್ತಿತ್ತು. ಹುಡುಗಿ ಕೈ ಹೊರಗೆ ಚಾಚಿ ಮೋಡ ಮುಟ್ಟಿದೆ ಎಂದಳು. ಅಣ್ಣ ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಿಟಕಿ ಏರಿಸು ಎಂದು ಒಮ್ಮೆಯೂ ಹೇಳಲಿಲ್ಲ. ಗಾಳಿ ಆಡಲಿ ಎಂದಿರಬೇಕು.

ಸಂಜೆ ಊರು ಸೇರಿದೆವು. ಗುಡ್ಡದ ಬುಡಕ್ಕೂ ಸಮುದ್ರಕ್ಕೂ ನಡುವೆ ಕಿರಿದಾದ ಜಾಗದಲ್ಲಿ ಊರು. ಕೆಂಪು ಜಾಂಭಾ ಕಲ್ಲಿನ ಗೋಡೆಗಳು, ತೆಂಗು, ಓಣಿಗಳಲ್ಲಿ ಬಲೆ. ಬಂದರಿನಲ್ಲಿ ಬಣ್ಣದ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಚಂದದ ಊರು. ನಾನು ಫೋಟೋ ತೆಗೆದೆ, ಅವು ಈಗಲೂ ಫೋನಿನಲ್ಲಿವೆ. ಅವುಗಳಲ್ಲಿ ವಾಸನೆ ಇಲ್ಲ. ಆ ಸಂಜೆ ನಮಗೆ ಮೊದಲು ಗೊತ್ತಾದದ್ದು ವಾಸನೆಯೇ. ಅಣ್ಣ ಹೆಗಲ ಮೇಲಿನ ಟಾವೆಲ್ಲನ್ನು ಮೂಗಿಗೆ ಒತ್ತಿಕೊಂಡ.

ಹುಡುಗಿಗೆ ಗೊತ್ತುಮಾಡಿದ್ದ ಕೋಣೆ ಒಬ್ಬ ಮೀನುಗಾರ ಹೆಂಗಸಿನ ಮನೆಯ ಮಾಳಿಗೆಯ ಮೇಲಿತ್ತು. ಅವರ ಗಂಡ, ಮಗ ಇಬ್ಬರೂ ದೋಣಿಯಲ್ಲಿ. ನಾವು ಅವರನ್ನು ಕಾಕು ಎಂದು ಕರೆದೆವು. ಅಣ್ಣ ತನ್ನ ಅಕ್ಕಲಕೋಟ ಮರಾಠಿಯಲ್ಲಿ, ನಾವು ಸಸ್ಯಾಹಾರಿಗಳು, ಹುಡುಗಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಾಳೆ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದ. ಕಾಕು, ಹಾಗಾದರೆ ನನ್ನ ಬೆಕ್ಕು ಮೇಲೆ ಹತ್ತುವುದಿಲ್ಲ ಬಿಡಿ, ಎಂದರು. ಅಣ್ಣ ನಗಲಿಲ್ಲ. ಹುಡುಗಿ ನಕ್ಕಳು. ಗಂಟುಗಳನ್ನು ಕಿಟಕಿಯ ಪಕ್ಕದ ಗೂಟಕ್ಕೆ, ಗಾಳಿ ಬೀಸುವಲ್ಲಿ ತೂಗುಹಾಕಿದೆವು.

ಮರುದಿನ ಶನಿವಾರ. ಹಪೀಸಿಗೆ ಬೀಗ. ಎರಡು ಕೋಣೆಯ ಕಟ್ಟಡ, ಗೋಡೆಯ ಮೇಲೆ ಮೀನಿನ ಚಿತ್ರ, ಅದರ ಕಣ್ಣಿನ ಬಣ್ಣ ಹೋಗಿತ್ತು. ಹುಡುಗಿ ಮೆಟ್ಟಿಲ ಮೇಲೆ ಕೂತು ನೋಟೀಸ್ ಬೋರ್ಡ್ ಪೂರ್ತಿ ಓದಿದಳು. ಸೋಮವಾರ ಬೆಳಿಗ್ಗೆ ಅವಳು ಅಲ್ಲಿ ಹಾಜರಾಗಬೇಕಿತ್ತು.

ಅಲ್ಲಿಂದ ಬಂದರಿಗೆ ಇಳಿದೆವು. ದೋಣಿಗಳು ಬಂದು ಲಿಲಾವು, ಮೀನಿನ ಹರಾಜು, ನಡೆದಿತ್ತು. ನೆಲದ ಮೇಲೆ ಮೀನಿನ ರಾಶಿ, ಸುತ್ತ ಹೆಂಗಸರು, ನಡುವೆ ಒಬ್ಬ ಕೂಗುವವನು. ಅಣ್ಣ ಮೊದಲು ದೂರ ನಿಂತಿದ್ದ. ಆಮೇಲೆ ಹತ್ತಿರ ಹೋದ. ಸೊಲ್ಲಾಪುರದ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಒಯ್ದು ಅಭ್ಯಾಸವಿದ್ದವನು. ಕೂಗುವವನು ಯಾರ ಕಡೆ ನೋಡಿ ಬೆಲೆ ಏರಿಸುತ್ತಾನೆ, ಯಾರು ಬೇಡವೆಂದು ನಟಿಸಿ ಹಿಂದೆ ಸರಿಯುತ್ತಾರೆ ಎಂಬುದು ಅವನಿಗೆ ತಿಳಿಯತೊಡಗಿತು. ಹಳದಿ ಸೀರೆಯ ಹೆಂಗಸೊಬ್ಬಳು ಮುಖ ತಿರುಗಿಸಿ ಹೊರಟಂತೆ ಮಾಡಿದಾಗ, ಈಕೆ ಬಿಡುವವಳಲ್ಲ ನೋಡು ಎಂದು ನನ್ನ ಕಿವಿಯಲ್ಲಿ ಹೇಳಿದ. ಆಕೆ ಬಿಡಲಿಲ್ಲ. ಟಾವೆಲ್ಲು ಯಾವಾಗ ಮೂಗಿನಿಂದ ಹೆಗಲಿಗೆ ಇಳಿಯಿತೋ ನಾನು ಗಮನಿಸಲಿಲ್ಲ.

ಹುಡುಗಿ ಅಷ್ಟರಲ್ಲಿ ಹೆಂಗಸರ ನಡುವೆ ಕುಕ್ಕರುಗಾಲಲ್ಲಿ ಕೂತು, ಇದಕ್ಕೇನು ಅನ್ನುತ್ತೀರಿ, ಅದಕ್ಕೇನು ಅನ್ನುತ್ತೀರಿ ಎಂದು ಮೀನಿನ ಹೆಸರು ಕೇಳುತ್ತಿದ್ದಳು. ಬಾಂಗಡಾ, ಸುರಮಯಿ ಎಂದು ಬಾಯಿಪಾಠ ಮಾಡುತ್ತಿದ್ದಳು. ಒಬ್ಬಾಕೆ ತಮಾಷೆಗೆ ಒಂದು ಬಾಂಗಡಾ ಅವಳ ಕೈಗೆ ಕೊಟ್ಟಳು. ಅವಳು ಅದನ್ನು ಬೀಳಿಸಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಎರಡೂ ಕಡೆ ತಿರುಗಿಸಿ ನೋಡಿ, ಜೋಪಾನವಾಗಿ ರಾಶಿಯ ಮೇಲೆ ಇಟ್ಟಳು. ಅಣ್ಣ ಇದನ್ನು ನೋಡಿದ ಎಂದು ನಾನು ನಂಬಿದ್ದೇನೆ. ತಾನು ನೋಡಲಿಲ್ಲ ಎಂದು ಅವನು ಹೇಳುತ್ತಾನೆ.

ಮಧ್ಯಾಹ್ನ ಕೋಣೆಗೆ ಬಂದು ಗಂಟು ಬಿಚ್ಚಿದಾಗ ರೊಟ್ಟಿ ಬಟ್ಟೆಯ ಹಾಗೆ ಮಡಚುತ್ತಿದ್ದವು. ಎರಡು ಕೈಯಲ್ಲಿ ಹಿಡಿದರೆ ನಡು ಜೋಲುತ್ತಿತ್ತು. ವಾಸನೆ ಇನ್ನೂ ಬಂದಿರಲಿಲ್ಲ, ಆದರೆ ಅಡಿಯಲ್ಲಿದ್ದವು ಒಂದಕ್ಕೊಂದು ಅಂಟಿದ್ದವು. ಇನ್ನೆರಡು ದಿನ ಹೀಗೇ ಇದ್ದರೆ ಬೂಸ್ಟು ಬರುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣ ಒಂದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಬಿಡಿಸಿ, ಮತ್ತೆ ಇಟ್ಟ. ಓಣಿಯ ಹೆಂಗಸರೆಲ್ಲ ಕೂತು ಬಡಿದ ರೊಟ್ಟಿ.

ಕಾಕು ಮೆಟ್ಟಿಲ ಮೇಲಿಂದ ಇಣುಕಿದರು. ಈ ತಿಂಗಳಲ್ಲಿ ನಮ್ಮ ಮೀನೇ ಒಣಗುವುದಿಲ್ಲ, ಎಂದರು. ಅದನ್ನು ಸಮಾಧಾನಕ್ಕೆ ಹೇಳಿದರು. ಅಣ್ಣನಿಗೆ ಅದು ತೀರ್ಪಿನ ಹಾಗೆ ಕೇಳಿಸಿರಬೇಕು.

ಆಗಲೇ ವೈನಿಯ ಫೋನು ಬಂತು. ಅಣ್ಣ ಎತ್ತಲಿಲ್ಲ. ಫೋನು ಗಾದಿಯ ಮೇಲೆ ಗುರುಗುಟ್ಟುತ್ತ ಸ್ವಲ್ಪ ಸರಿಯಿತು, ನಿಂತಿತು. ಹುಡುಗಿ ತನ್ನ ಫೋನಿನಿಂದ, ರೇಂಜ್ ಸಿಗುತ್ತಿಲ್ಲ, ಎಲ್ಲ ಬರೋಬರಿ ಇದೆ ಎಂದು ಸಂದೇಶ ಕಳಿಸಿದಳು. ಅಪ್ಪನ ಮುಖ ನೋಡದೆಯೇ ಕಳಿಸಿದಳು.

ಆ ಸಂಜೆ ಸಮುದ್ರದ ದಂಡೆಯಲ್ಲಿ ನಾನು ಒಬ್ಬಳೇ ಸಿಕ್ಕಾಗ ಅಣ್ಣ, ಗಾಡಿಯಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಕೇಳಿದ. ಘಾಟು ಹತ್ತುವಷ್ಟಿದೆ ಎಂದೆ. ನಾಳೆ ನೋಡೋಣ ಎಂದ. ಹೊಳ್ಳಿ ಹೋಗುವ ಮಾತು ಇದು ಎಂದು ನಾನು ತಿಳಿದುಕೊಂಡೆ. ಹುಡುಗಿಗೆ ಹೇಳಲೋ ಬೇಡವೋ ಎಂದು ಯೋಚಿಸುತ್ತಲೇ ಮಲಗಿದೆ, ಹೇಳಲಿಲ್ಲ. ಅವಳಿಗೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಅಪ್ಪ ಚಪ್ಪಲಿ ತೊಳೆದು ಬಾಗಿಲ ಹೊರಗೆ ಒಣಗಲು ಇಟ್ಟಿದ್ದರಂತೆ. ಊರಿಗೆ ಹೊರಡುವ ಮುಂಚೆ ಅವನು ಹಾಗೆ ಮಾಡುತ್ತಾನೆ.

ಭಾನುವಾರ ಬೆಳಿಗ್ಗೆ ಬಿಸಿಲು ಬಿತ್ತು. ನಾವು ಬಂದ ಮೇಲೆ ಕಂಡ ಮೊದಲ ನಿಜವಾದ ಬಿಸಿಲು. ಹುಡುಗಿ ಎರಡೂ ಗಂಟುಗಳನ್ನು ಗೂಟದಿಂದ ತೆಗೆದು ಕಾರಿನಲ್ಲಿ ಇಟ್ಟಳು. ಮೇಲೆ ಗುಡ್ಡಕ್ಕೆ ಹೋಗೋಣ, ಅಲ್ಲಿ ಬಂಡೆ ಇವೆಯಂತೆ, ಕಾಕು ಹೇಳಿದರು, ಎಂದಳು. ಅಣ್ಣ ಹತ್ತಿ ಕೂತ. ಗುಡ್ಡ ಹತ್ತಿ ಹಾಗೇ ಘಾಟಿನ ದಾರಿ ಹಿಡಿಯಬಹುದು ಎಂದುಕೊಂಡಿದ್ದನೋ ಏನೋ.

ಊರಿನ ಹಿಂದೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಗೇರು, ಮಾವು, ಇಳುಕಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ತುಂಡು ಹೊಲಗಳು. ನಮ್ಮ ಒಂದು ಕಣದಷ್ಟೂ ಇಲ್ಲ ಎಂದು ಅಣ್ಣ ಹೇಳಿದ. ಅಲ್ಲಲ್ಲಿ ಎರಡು ಮೂರು ಮನೆ, ಗಿಡ್ಡ ಆಕಳು, ಬಾವಿ. ತಿರುವುಗಳು ಮುಗಿದ ಕೂಡಲೇ ಮರಗಳೂ ಮುಗಿದವು. ಎದುರಿಗೆ ಸಪಾಟು ಮಾಳ. ಅಲ್ಲಿಯವರು ಇದನ್ನು ಸಡಾ ಎನ್ನುತ್ತಾರೆ. ಕಪ್ಪು ಬಂಡೆ ಹಾಸಿದಂತೆ ದೂರದವರೆಗೆ ಹೋಗಿದೆ. ಬಂಡೆಯ ತಗ್ಗುಗಳಲ್ಲಿ ಮಳೆ ನೀರು, ಬಿರುಕುಗಳಲ್ಲಿ ನೇರಳೆ ಬಣ್ಣದ ಸಣ್ಣ ಹೂವು, ಸುತ್ತ ಮೊಣಕಾಲೆತ್ತರ ಹುಲ್ಲು. ಅಂಚಿಗೆ ಹೋಗಿ ನಿಂತರೆ ಕೆಳಗೆ ಊರು, ದೋಣಿ, ಸಮುದ್ರ.

ಅಣ್ಣ ಸಮುದ್ರದ ಕಡೆ ಹೋಗಲಿಲ್ಲ. ಹುಲ್ಲಿನೊಳಗೆ ನಡೆದು ಹೋದ. ಒಂದು ಎಸಳು ಕಿತ್ತು ಹಲ್ಲಿನಲ್ಲಿ ಕಚ್ಚಿದ. ಸೊಂಟದ ಮೇಲೆ ಕೈ ಇಟ್ಟುಕೊಂಡು ಸುತ್ತ ನೋಡಿದ. ನಮ್ಮ ಕಡೆಯ ಬೋರಾಮಣಿ ಮಾಳದಲ್ಲಿ ಅವನು ನಿಲ್ಲುವುದು ಹೀಗೆಯೇ. ಚಿಕ್ಕವನಿದ್ದಾಗ ಮಾಮನ ದನ ಕಾಯಲು ಅಲ್ಲಿಗೆ ಹೋಗುತ್ತಿದ್ದ, ಚಿಗರಿ ನೋಡಿದ್ದನ್ನು ಬಂದು ಹೇಳುತ್ತಿದ್ದ. ಹೊಳ್ಳಿ ಬಂದು, "ಥೇಟ್ ಬೋರಾಮಣಿ ಆಗ್ಯಾದ ನೋಡು. ಚಿಗರಿ ಅಷ್ಟ ಇಲ್ಲ," ಎಂದ. ಮನೆ ಬಿಟ್ಟ ಮೇಲೆ ಅವನು ತಾನಾಗಿ ಆಡಿದ ಮೊದಲ ಉದ್ದ ಮಾತು ಅದು ಎಂದು ನನ್ನ ನೆನಪು. ಲಿಲಾವಿನಲ್ಲಿ ಕಿವಿಯಲ್ಲಿ ಹೇಳಿದ್ದನ್ನು ಈಗಷ್ಟೇ ಬರೆದಿದ್ದೇನೆ. ಹಾಗಾದರೆ ಇದು ಮೊದಲನೆಯದಲ್ಲ.

ಬಂಡೆಯನ್ನು ಹುಡುಗಿ ಕೈಯಿಂದ ಮುಟ್ಟಿ ನೋಡಿದಳು. ಕಾದಿತ್ತು. ಧೋತರದ ಎರಡೂ ತುಂಡು ಹಾಸಿ, ರೊಟ್ಟಿಗಳನ್ನು ಬಿಡಿಸಿ ಬಿಡಿಸಿ ಇಟ್ಟೆವು. ಬಟ್ಟೆ ಸಾಲದೆ ಬರಿಯ ಬಂಡೆಯ ಮೇಲೆಯೂ ಇಟ್ಟೆವು. ಕಪ್ಪು ಕಲ್ಲಿನ ಮೇಲೆ, ನೇರಳೆ ಹೂವಿನ ನಡುವೆ, ಬಿಳಿಯ ದುಂಡನೆಯ ರೊಟ್ಟಿಗಳು. ಕಾಗೆಗಳು ಬಂದವು. ಅಣ್ಣ ಕೋಲು ಹಿಡಿದು ಒಂದು ಕಡೆ ಕೂತ, ನಾನು ಛತ್ರಿ ಹಿಡಿದು ಇನ್ನೊಂದು ಕಡೆ. ಹುಡುಗಿ ನಡುವೆ ಓಡಾಡುತ್ತ ಮಗುಚಿ ಹಾಕುತ್ತಿದ್ದಳು. ಗಾಳಿ ಜೋರಾಗಿತ್ತು. ಹಗುರಾದ ಒಂದೆರಡು ರೊಟ್ಟಿ ಎದ್ದು ಉರುಳಿ ಹೋದವು, ಅಣ್ಣ ಅವುಗಳ ಹಿಂದೆ ಓಡಿದ. ಅಣ್ಣ ಓಡಿದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ತಲೆಯ ಮೇಲಿನ ಹೊರೆಯ ಸಮೇತ ನಿಂತು, "ಹೇ ಪಾಪಡ್ ಕಸಲೇ ಹೋ?" ಎಂದು ಕೇಳಿದಳು. ಹಪ್ಪಳವಲ್ಲ, ಭಾಕರಿ ಎಂದ ಅಣ್ಣ. ಭಾಕರಿಯನ್ನು ಯಾರಾದರೂ ಒಣಗಿಸುತ್ತಾರೆಯೇ ಎಂದು ಆಕೆ ಹೊರೆ ಇಳಿಸಿ ಕೂತೇ ಬಿಟ್ಟಳು. ಹುಡುಗಿ ಒಂದು ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಆಕೆ ತಿಂದು, ಕೆಮ್ಮಿ, ಕಣ್ಣೊರೆಸಿಕೊಂಡು, ಇದನ್ನು ತಿಂದು ನೀವು ಸಿಟ್ಟಿಗೇಳದೆ ಹೇಗಿರುತ್ತೀರಿ ಎಂದಳು. ಅಣ್ಣ ನಕ್ಕ. ಯಾವ ಊರಿಗೆ ಬಂದಿದ್ದೀರಿ ಎಂದು ಕೇಳಿದಾಗ, ಹುಡುಗಿಯ ಕಡೆ ಕೋಲು ತೋರಿಸಿ, ಈಕೆಗೆ ಇಲ್ಲಿ ನೌಕರಿ ಎಂದ. ನೌಕರಿ ‘ಇದೆ’ ಅಂದನೋ ‘ಸಿಕ್ಕಿತ್ತು’ ಅಂದನೋ ಎಂದು ನಾನೂ ಅವಳೂ ಆಮೇಲೆ ಚರ್ಚೆ ಮಾಡಿದ್ದೇವೆ. ಇಬ್ಬರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಹೊತ್ತು ನೆತ್ತಿಯಿಂದ ಇಳಿಯುವಷ್ಟರಲ್ಲಿ ರೊಟ್ಟಿ ಮತ್ತೆ ಗಟ್ಟಿಯಾದವು. ಅಂಚು ಮೇಲೆದ್ದು, ಬೆರಳಿಂದ ಬಡಿದರೆ ಸಪ್ಪಳ ಬರುವಷ್ಟು. ಆಗ ವೈನಿಯ ಫೋನು ಬಂತು. ಮಾಳದ ಮೇಲೆ ರೇಂಜ್ ಚೆನ್ನಾಗಿತ್ತು.

ಈ ಸಲ ಅಣ್ಣ ಎತ್ತಿದ. ಅವನ ಫೋನಿನ ದನಿ ಯಾವಾಗಲೂ ಪೂರ್ತಿ ಏರಿಸಿರುತ್ತದೆ, ಆ ಕಡೆಯ ಮಾತೆಲ್ಲ ನಮಗೂ ಕೇಳುತ್ತಿತ್ತು. ಊಟ ಆಯಿತೇ, ಮಳೆ ಇದೆಯೇ, ಕೋಣೆ ಹೇಗಿದೆ ಎಂದೆಲ್ಲ ವೈನಿ ಕೇಳಿದರು. ಅಣ್ಣ ಹ್ಞಾಂ ಹ್ಞಾಂ ಎನ್ನುತ್ತಿದ್ದ. ಆಮೇಲೆ ಅವರು ಕೇಳಿದರು: "ರೊಟ್ಟಿ ಹ್ಯಾಂಗವ?"

ಹುಡುಗಿ ಮಗುಚುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ರೊಟ್ಟಿ ಹಿಡಿದುಕೊಂಡೇ ನಿಂತಳು. ಅಣ್ಣ ಬಗ್ಗಿ ಬಂಡೆಯ ಮೇಲಿಂದ ಒಂದನ್ನು ಎತ್ತಿದ. ಫೋನನ್ನು ಕಿವಿಯಿಂದ ತೆಗೆದು ಅದರ ಮುಂದೆ ಹಿಡಿದು, ರೊಟ್ಟಿಯನ್ನು ಒಂದೇ ಕೈಯಲ್ಲಿ ಹೆಬ್ಬೆರಳು ಒತ್ತಿ ಮುರಿದ. ಲಟ್ ಎಂದಿತು.

"ಕೇಳಿಸ್ತಾ?"

"ಕೇಳಿಸ್ತು," ಎಂದರು ವೈನಿ.

"ಕಡಕ್ ಅದಾವ."

ಅಷ್ಟೇ. ಉದ್ದಿನ ರಾಶಿ ಎಷ್ಟಾಯಿತು ಎಂದು ಕೇಳಿ ಫೋನು ಇಟ್ಟ. ಮುರಿದ ಎರಡು ತುಂಡಿನಲ್ಲಿ ಒಂದನ್ನು ಮಗಳಿಗೆ ಕೊಟ್ಟು ಇನ್ನೊಂದನ್ನು ತಾನು ತಿಂದ.

ಇದು ನನ್ನ ನೆನಪು. ಹುಡುಗಿಯ ಪ್ರಕಾರ ರೊಟ್ಟಿ ಮುರಿದದ್ದು ಅವಳು, ಅಪ್ಪ ಕಣ್ಣಲ್ಲೇ ಮುರಿ ಎಂದು ಹೇಳಿದರು. ಅಣ್ಣನ ಪ್ರಕಾರ ಯಾರೂ ಮುರಿಯಲಿಲ್ಲ, ಎತ್ತುವಾಗ ಅದೇ ಮುರಿಯಿತು, ಸಪ್ಪಳ ಫೋನಿಗೆ ಬಿತ್ತು. ಆ ಹೊತ್ತಿನಲ್ಲಿ ರೊಟ್ಟಿ ಕಡಕ್ ಇದ್ದದ್ದಂತೂ ಹೌದು. ಅಣ್ಣ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವನು ಸುಳ್ಳು ಹೇಳುವ ಮನುಷ್ಯನೂ ಅಲ್ಲ. ಆದರೆ ಕೆಳಗೆ ಹೋದರೆ ಅವು ಹಾಗೆ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ? ಈ ಪ್ರಶ್ನೆಯನ್ನು ಅವನಿಗೆ ಎರಡು ಸಲ ಕೇಳಿದ್ದೇನೆ. ಒಮ್ಮೆ ಚಹಾ ಆರುತ್ತದೆ ಕುಡಿ ಎಂದ. ಇನ್ನೊಮ್ಮೆ ಎದ್ದು ಹೋದ.

ಕೆಳಗೆ ಇಳಿದೆವು. ದೀಪ ಹಚ್ಚುವ ಹೊತ್ತಿಗೆ ರೊಟ್ಟಿಯ ಅಂಚು ಬಾಗತೊಡಗಿದವು. ಕಾಕುವಿನ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಹಿಡಿಸುವಷ್ಟನ್ನು ಹುಡುಗಿ ಮೊದಲೇ ತುಂಬಿ ಮುಚ್ಚಿದ್ದಳು, ಅವು ಉಳಿದವು. ಮಿಕ್ಕವು ಮತ್ತೆ ಮೆತ್ತಗಾದವು. ಅವುಗಳನ್ನು ಹರಿದು, ಉಳ್ಳಾಗಡ್ಡಿ ಹಾಕಿ, ಖಾರ ಹಾಕಿ, ಒಗ್ಗರಣೆ ಕೊಟ್ಟು ದೊಡ್ಡ ಪಾತ್ರೆ ತುಂಬ ಮಾಡಿದಳು. ಕಾಕುವಿನ ಮನೆಗೂ ಒಂದು ತಾಟು ಹೋಯಿತು. ಅಲ್ಲಿಂದ ಬಿಸಿ ಅನ್ನ ಮತ್ತು ತೆಂಗಿನಕಾಯಿ ಹಾಕಿದ ಬೇಳೆ ಸಾರು ಬಂತು. ಪಾತ್ರೆ ಬೇರೆ ಇದೆ, ದೇವರ ನೈವೇದ್ಯಕ್ಕೆ ಇಟ್ಟದ್ದು, ಎಂದು ಕಾಕು ಕೇಳದೆಯೇ ಹೇಳಿದರು. ಅಣ್ಣ ಮಗಳು ಊಟ ಮಾಡುವುದನ್ನೇ ನೋಡುತ್ತಿದ್ದ. ಆಮೇಲೆ ತಾನೂ ಎರಡನೇ ಸಲ ಅನ್ನ ಹಾಕಿಸಿಕೊಂಡ. ಪೆಟ್ರೋಲಿನ ವಿಷಯ ಮತ್ತೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಹಪೀಸಿನ ಮುಂದೆ ಅವಳನ್ನು ಇಳಿಸಿದೆವು. ಹುಡುಗಿ ಮೆಟ್ಟಿಲು ಹತ್ತಿ ಒಳಗೆ ಹೋದಳು, ಹೊಳ್ಳಿ ನೋಡಲಿಲ್ಲ. ಹೊಳ್ಳಿ ನೋಡಿದೆ, ನೀವೇ ನೋಡಲಿಲ್ಲ ಎಂದು ಅವಳ ವಾದ. ಘಾಟು ಹತ್ತುವಾಗ ಅಣ್ಣ ಮುಂದಿನ ಸೀಟಿನಲ್ಲಿದ್ದ, ತೊಡೆಯ ಮೇಲೆ ಖಾಲಿ ಧೋತರದ ತುಂಡುಗಳು.

ನಾಗಣಸೂರಿನಲ್ಲಿ ಅವನು ಕಣದ ಕಡೆ ಹೋದ ಕೂಡಲೇ ವೈನಿ ನನ್ನನ್ನು ಅಡುಗೆಮನೆಗೆ ಕರೆದರು. ಎದುರಿಗೆ ಕೂರಿಸಿಕೊಂಡು ಕೇಳಿದರು: "ತಂಗಿ, ಖರೇ ಹೇಳು. ರೊಟ್ಟಿ ಏನಾದೂ?"

ಫೋನಿನಲ್ಲಿ ಕೇಳಿದಿರಲ್ಲ ವೈನಿ, ಎಂದೆ.

"ಕೇಳಿದೆ. ಅದಕ್ಕs ಕೇಳಾಕತ್ತೀನಿ. ಲಗ್ನ ಆದಾಗಿಂದ ನಿಮ್ಮ ಅಣ್ಣ ನನ್ನ ರೊಟ್ಟಿಗೆ ಚಲೋ ಅದ ಅಂತ ಒಂದ ಮಾತ ಅಂದಾಂವಲ್ಲ. ಅಂಥಾದ್ದು ಅವತ್ತು ಮುರದು ಕೇಳಿಸ್ಯಾನ. ಏನೋ ಆಗಿರಬೇಕಲ್ಲ?"

ನಾನು ಎಲ್ಲ ಹೇಳಿದೆ. ಮೋಡ, ಗೂಟ, ಬಂಡೆ, ಕಾಗೆ, ಬಿಸ್ಕೀಟಿನ ಡಬ್ಬಿ, ಕಾಕುವಿನ ಅನ್ನ. ಅಣ್ಣ ರೊಟ್ಟಿಯ ಹಿಂದೆ ಓಡಿದ್ದಕ್ಕೆ ವೈನಿ ಸೆರಗು ಬಾಯಿಗೆ ಹಿಡಿದು ನಕ್ಕರು. ಹಾಗಾದರೆ ಫೋನಿನಲ್ಲೇ ಅನುಮಾನ ಬಂದಿತ್ತಲ್ಲ, ಆಗಲೇ ಯಾಕೆ ಕೇಳಲಿಲ್ಲ, ಕರೆದುಕೊಂಡು ಬನ್ನಿ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ವೈನಿ ಒಲೆಯ ಕಡೆ ತಿರುಗಿದರು. "ನಿಮ್ಮ ಅಣ್ಣನs ಅಷ್ಟ ಮಾಡ್ಯಾನ ಅಂದ್ರ ಊರು ಚಲೋ ಇರಬೇಕು ಅಂದ್ಕೊಂಡೆ," ಎಂದರು.

ದೀಪಾವಳಿಗೆ ಹುಡುಗಿ ಬಂದಾಗ ವೈನಿ ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕಣ್ಣು ಬಿಳಿಯಾಗಿತ್ತು, ಹಳದಿ ಇರಲಿಲ್ಲ. ಹಬ್ಬ ಮುಗಿದ ಮೇಲೆ ದಿನಾ ಬೆಳಿಗ್ಗೆ ಅವಳನ್ನು ಪಡಸಾಲೆಯಿಂದ ಎಬ್ಬಿಸಿ ಒಲೆಯ ಮುಂದೆ ಕೂರಿಸಿದರು. ಮೊದಲಿನ ರೊಟ್ಟಿಗಳು ಅಂಚು ಸೀಳಿ ನಕಾಶೆಯ ಹಾಗಿದ್ದವು. ಅಣ್ಣ ಅವನ್ನೇ ತಿಂದು ಹೊಲಕ್ಕೆ ಹೋದ. ಹೊರಡುವ ದಿನ ರೊಟ್ಟಿಯ ಗಂಟಿನ ಬದಲು ಜೋಳದ ಹಿಟ್ಟು, ಸಣ್ಣದೊಂದು ಹಂಚು, ನಾನು ಮೊದಲ ಸಲ ತಂದು ಅಲ್ಲೇ ಬಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಕಾರಿನ ಹಿಂದೆ ಸೇರಿದವು.

ಇದನ್ನು ಬರೆಯುವ ಮುಂಚೆ ಹುಡುಗಿಗೆ ಫೋನು ಮಾಡಿ ಕೇಳಿದೆ, ಬರೆಯಲೇ ಎಂದು. ಅವಳು ಓದಿದ್ದು ಮರಾಠಿಯಲ್ಲಿ, ಕನ್ನಡ ಅಕ್ಷರ ಕೂಡಿಸಿ ಓದುತ್ತಾಳೆ. ಬರೆದಾದ ಮೇಲೆ ಓದಿ ಹೇಳು ಅತ್ತಿ, ಎಂದಳು. ರೊಟ್ಟಿ ಮುರಿದದ್ದು ತಾನು ಎಂದೇ ಬರೆಯಬೇಕಂತೆ. ಹಂಚಿನ ಮೇಲೆ ಒಂದಿದೆ, ಸೀಯುತ್ತದೆ ಎಂದು ಫೋನು ಇಟ್ಟಳು.